ಮೇಷ್ಟ್ರ ಕೆಲಸದ ಜೊತೆಗೆ ಬಾಡಿಗೆ ಮನೆ: ಕಾರವಾರದಲ್ಲೇ ಮಾಡೋದಾ, ಶಿರಸಿಯಲ್ಲಿ ಜಾಗ ತಗೊಳ್ಳೋದಾ?

ಹಬ್ಬುವಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಹೈಸ್ಕೂಲ್ ಮೇಷ್ಟ್ರು. ಹಬ್ಬುವಾಡದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಕೆಳಗೆ ನಾವಿದ್ದೇವೆ. ಮೇಲಿನ ಮಹಡಿ ತಮ್ಮ ಪುಣೆಗೆ ಹೋದ ಮೇಲೆ ಎರಡು ವರ್ಷದಿಂದ ಖಾಲಿ ಬಿದ್ದಿದೆ. ಕೈಯಲ್ಲಿ 15 ಲಕ್ಷದಷ್ಟು ಉಳಿತಾಯ ಇದೆ. ಈಗ ನನ್ನ ತಲೆಯಲ್ಲಿ ಮೂರು ಯೋಚನೆ ಓಡುತ್ತಿವೆ.

ಮೊದಲನೆಯದು, ಮೇಲಿನ ಮಹಡಿ ರಿಪೇರಿ ಮಾಡಿಸಿ ಬಾಡಿಗೆಗೆ ಕೊಡೋದು. ಎರಡನೆಯದು, ಸದಾಶಿವಗಡದಲ್ಲಿ ಒಂದು ಮನೆ ಮಾರಾಟಕ್ಕಿದೆ, 40 ಲಕ್ಷ ಹೇಳುತ್ತಾರೆ. 25 ಲಕ್ಷ ಸಾಲ ಮಾಡಿ ತಗೊಂಡು ಬಾಡಿಗೆಗೆ ಬಿಡೋದು. ಮೂರನೆಯದು ಹೆಂಡತಿಯ ಸೋದರಮಾವ ಹೇಳಿದ್ದು. ಶಿರಸಿಯಲ್ಲಿ ಬನವಾಸಿ ರಸ್ತೆ ಕಡೆ 5 ಗುಂಟೆ ಜಾಗ, ಅದರಲ್ಲೊಂದು ಹಳೇ ಹಂಚಿನ ಮನೆ. ಏಜೆಂಟ್ "ಐದು ವರ್ಷಕ್ಕೆ ಡಬಲ್" ಅನ್ನುತ್ತಾನೆ.

ನನಗೆ ಸಿಗೋದು ಭಾನುವಾರ ಮಾತ್ರ. ಅದರಲ್ಲೂ ಮೀನು ಪೇಟೆಗೆ ಹೋಗಿ ಬಂದ ಮೇಲೆ ಉಳಿಯುವಷ್ಟು ಹೊತ್ತು. ಇಷ್ಟರಲ್ಲಿ ಬಾಡಿಗೆ ಮನೆ ನೋಡಿಕೊಳ್ಳೋಕೆ ಆಗುತ್ತದಾ? ಮಾಡಿ ನೋಡಿದವರು ಹೇಳಿ.

ಕೋಡಿಬಾಗ ಅಕ್ಕ

ಮೇಷ್ಟ್ರೇ, ನಾನು 14 ವರ್ಷದಿಂದ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ನಾನೂ ನೌಕರಿಯವಳೇ. ಮೊದಲು ನಿಮ್ಮ ತಲೆ ಮೇಲಿರೋ ಮನೆ ಸರಿ ಮಾಡಿ, ಆಮೇಲೆ ಸದಾಶಿವಗಡ, ಶಿರಸಿ ನೋಡೋಣ.

ಯಾಕೆ ಅಂದರೆ ನಮ್ಮ ಊರಲ್ಲಿ ಬಾಡಿಗೆಗೆ ಕೊಡೋದು ಕಷ್ಟ ಅಲ್ಲ, ಮನೆ ಉಳಿಸಿಕೊಳ್ಳೋದು ಕಷ್ಟ. ಒಂದು ಕಡೆ ಉಪ್ಪುಗಾಳಿ, ಇನ್ನೊಂದು ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಎರಡು ವರ್ಷ ಕಿಟಕಿ ತೆಗೆಯದ ಮನೆ ಒಳಗೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಗೋಡೆ ತುಂಬಾ ಬೂಷ್ಟು, ಕಪಾಟಿನ ಹಿಂದೆ ಗೆದ್ದಲು, ಬಾಗಿಲಿನ ಹಿಂಜ್ ತುಕ್ಕು ಹಿಡಿದು ಕಿರುಗುಡೋದು.

ಪೇಂಟರ್‌ನ ಕರೆಯುವ ಮೊದಲು ಒಂದು ಕೆಲಸ ಮಾಡಿ. ಟಾರ್ಚ್ ಹಿಡಿದು ಸ್ಲ್ಯಾಬಿನ ಕೆಳಭಾಗ ನೋಡಿ. ಕಬ್ಬಿಣದ ಸರಳು ಹೋದ ಉದ್ದಕ್ಕೂ ನೇರ ಬಿರುಕು ಇದ್ದರೆ, ಅಥವಾ ತುಕ್ಕಿನ ಬಣ್ಣದ ಕಲೆ ಇದ್ದರೆ, ಒಳಗೆ ಸರಳು ಉಬ್ಬುತ್ತಿದೆ ಅಂತ ಅರ್ಥ. ಹಿಂದೆ ಇಲ್ಲಿ ಹೊಳೆಬಾಯಿಯ ಉಪ್ಪು ಮರಳನ್ನು ತೊಳೆಯದೆ ಕಾಂಕ್ರೀಟಿಗೆ ಹಾಕಿದ ಮನೆಗಳಿವೆ. ಅಂಥ ಕಡೆ ಮೇಲೆ ಪ್ಲಾಸ್ಟರ್ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲಕ್ಕೆ ಚಕ್ಕೆ ಚಕ್ಕೆಯಾಗಿ ಬಾಡಿಗೆದಾರರ ತಲೆ ಮೇಲೆ ಬೀಳುತ್ತದೆ. ಒಡೆದು, ಸರಳು ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಆಮೇಲೆ ಮುಚ್ಚಬೇಕು. ಖರ್ಚು ಜಾಸ್ತಿ, ಆದರೆ ಬೇರೆ ದಾರಿ ಇಲ್ಲ.

ಟೆರೇಸ್‌ಗೆ ತಗಡಿನ ಮಾಡು ಹಾಕಿಸಿಲ್ಲ ಅಂದರೆ ಹಾಕಿಸಿ. ನಮ್ಮ ಮಳೆಗೆ ಬರೀ ಟೆರೇಸ್ ಅಂದರೆ ಕೆರೆ ಇದ್ದ ಹಾಗೆ. ವಾಟರ್‌ಪ್ರೂಫ್ ಅಂತ ಡಬ್ಬ ಡಬ್ಬ ಬಳಿದು ನಾನೂ ದುಡ್ಡು ಕಳೆದಿದ್ದೇನೆ. ಆದರೆ ಮಾಡು ಹಾಕಿಸುವ ಮೊದಲು ನಗರಸಭೆಯಲ್ಲಿ ಕೇಳಿಕೊಳ್ಳಿ, ನಾಲ್ಕೂ ಕಡೆ ಗೋಡೆ ಎಬ್ಬಿಸಿದರೆ ಅದನ್ನೂ ಮಹಡಿ ಅಂತ ಲೆಕ್ಕ ಹಿಡಿಯಬಹುದು. ವೆಲ್ಡಿಂಗ್ ಆದ ಜಾಗಕ್ಕೆ ಅವತ್ತೇ ಪ್ರೈಮರ್ ಬಳಿಸಿ. ಮೊದಲು ತುಕ್ಕು ಹಿಡಿಯೋದು ಅಲ್ಲೇ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಓಣಿಯಲ್ಲಿ ಹಾರಿಹೋದ ತಗಡೆಲ್ಲ ಇಂಥ ಸಡಿಲ ಸ್ಕ್ರೂಗಳದ್ದೇ.

ಈ ಕೆಲಸ ಎಲ್ಲ ಮೇ 15ರ ಒಳಗೆ ಮುಗಿಯಬೇಕು. ಆಮೇಲೆ ಕೆಲಸದವರು ಫೋನೇ ಎತ್ತಲ್ಲ.

ಅಡಿಕೆ ಭಾವ, ಶಿರಸಿ

ಮೇಷ್ಟ್ರೇ, ನಿಮ್ಮ ಮಾವ ಹೇಳಿದ 5 ಗುಂಟೆ ಬಗ್ಗೆ ಒಂದೇ ಪ್ರಶ್ನೆ. ಐದೂ ಗುಂಟೆ ಪಹಣಿಯಲ್ಲಿ ಇದೆಯಾ?

ನಮ್ಮ ಕಡೆ ಜಾಗ ತೋರಿಸುವಾಗ ಬೇಲಿ ತೋರಿಸುತ್ತಾರೆ, ಕಾಗದ ತೋರಿಸಲ್ಲ. ಬೇಲಿ ಒಳಗೆ 5 ಗುಂಟೆ ಇರುತ್ತದೆ, ಪಹಣಿಯಲ್ಲಿ 2 ಗುಂಟೆ ಇರುತ್ತದೆ. ಉಳಿದದ್ದು ಏನು ಅಂತ ಕೇಳಿದರೆ "ಅದೂ ನಮ್ಮದೇ, ಅಜ್ಜನ ಕಾಲದಿಂದ ಇದೆ" ಅನ್ನುತ್ತಾರೆ. ಅದು ಸೊಪ್ಪಿನ ಬೆಟ್ಟ ಇರಬಹುದು, ಅರಣ್ಯ ಅತಿಕ್ರಮಣ ಇರಬಹುದು. ಬೆಟ್ಟ ಅಂದರೆ ಏನು ಅಂತ ಕರಾವಳಿ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಬ್ರಿಟಿಷರ ಕಾಲದಿಂದ ಅಡಿಕೆ ತೋಟದವರಿಗೆ ಸೊಪ್ಪು, ದರಕು (ಒಣಗಿದ ಎಲೆ) ತರೋಕೆ ಅಂತ ಬಿಟ್ಟ ಕಾಡು. ಒಂದು ಎಕರೆ ತೋಟಕ್ಕೆ 9 ಎಕರೆ ತನಕ. ಅದರಲ್ಲಿ ಸೊಪ್ಪು ಕಡಿಯೋಕೆ ಹಕ್ಕಿದೆ, ಮನೆ ಕಟ್ಟೋಕೆ, ಮಾರೋಕೆ ಇಲ್ಲ. ಅತಿಕ್ರಮಣದ ಕಥೆಯಂತೂ ನಮ್ಮ ಜಿಲ್ಲೆಯಲ್ಲಿ ಮನೆ ಮನೆಯದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಅಡಿ ಅರ್ಜಿ ಹಾಕಿ ಕಾಯುತ್ತಿರುವವರು ಎಷ್ಟೋ ಜನ. ಆ ಅರ್ಜಿಯ ರಶೀದಿ ತೋರಿಸಿ "ಪಟ್ಟಾ ಬರುತ್ತದೆ" ಅಂತ ಮಾರುತ್ತಾರೆ. ಅರ್ಜಿ ಹಾಕಿದವನ ಹಕ್ಕು ದುಡ್ಡು ಕೊಟ್ಟ ನಿಮಗೆ ಬರಲ್ಲ.

ಪಹಣಿ ತೆಗೆಸಿದರೆ 9ನೇ ಕಲಂನಲ್ಲಿ ಮಾಲೀಕರ ಹೆಸರು ನೋಡಿ. ಎಲ್ಲರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. 11ನೇ ಕಲಂ ಓದಿ. ಸೊಸೈಟಿ ಸಾಲದ ಬೋಜಾ, ಕೋರ್ಟ್ ತಡೆ, ಮಂಜೂರಿ ಜಾಗ ಪರಭಾರೆ ಮಾಡಬಾರದು ಅನ್ನೋ ಷರತ್ತು ಎಲ್ಲ ಅಲ್ಲೇ ಬರೆದಿರುತ್ತಾರೆ. ಆಮೇಲೆ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಮಾಡಿದ ಆದೇಶದ ಪ್ರತಿ ಕೇಳಿ. 2020ರಲ್ಲಿ ಕಾಯ್ದೆ ಬದಲಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ತಗೊಳ್ಳಬಹುದು, ನಿಜ. ಆದರೆ ತಗೊಂಡ ಮಾತ್ರಕ್ಕೆ ಮನೆ ಕಟ್ಟೋಕೆ ಬರಲ್ಲ. ಬಿನ್‌ಶೇತ್ಕಿ ಆಗಲೇಬೇಕು. ಪಂಚಾಯ್ತಿ ಜಾಗ ಆದರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇದೆಯಾ ನೋಡಿ. 11ಬಿ ಕೊಟ್ಟರೆ ಅದು ಬೇರೆ ಜಾತಿ. ಬ್ಯಾಂಕಿನವರು ಮುಖ ತಿರುಗಿಸುತ್ತಾರೆ.

ಹಬ್ಬುವಾಡ ಮೇಷ್ಟ್ರು

ಭಾವ, ಮಾವನಿಗೆ ಫೋನ್ ಮಾಡಿದೆ. ಪಹಣಿಯಲ್ಲಿ 2 ಗುಂಟೆ 4 ಆಣೆ ಅಂತೆ. ಉಳಿದದ್ದಕ್ಕೆ "ಹೆದರಬೇಡಿ, ಸುತ್ತಮುತ್ತ ಎಲ್ಲರೂ ಹಾಗೇ ಇದ್ದಾರೆ" ಅಂದರು.

ಅಡಿಕೆ ಭಾವ, ಶಿರಸಿ

ಎಲ್ಲರೂ ಹಾಗೇ ಇದ್ದಾರೆ, ಅದು ಸುಳ್ಳಲ್ಲ. ಆದರೆ ಅವರೆಲ್ಲ ಅಲ್ಲೇ ಹುಟ್ಟಿದವರು, ದುಡ್ಡು ಕೊಟ್ಟು ತಗೊಂಡವರಲ್ಲ. ಎರಡು ಗುಂಟೆಗಷ್ಟೇ ರೇಟು ಕಟ್ಟಿ ನೋಡಿ. ಮಾವನೇ ಸುಮ್ನೆ ಆಗುತ್ತಾರೆ.

ಕುಮಟಾ ಕಡೆಯವ

ಭಾವನ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಹತ್ತು ವರ್ಷದ ಹಿಂದೆ ಒಂದು ಹಳೇ ಮನೆ ತಗೊಂಡೆ. ಅಣ್ಣ ತಮ್ಮ ಮೂವರ ಸಹಿ ಆಯ್ತು, ಇ.ಸಿ. (ಋಣಭಾರ ಪತ್ರ) ಸರಿ ಇತ್ತು, ವಾರ್ಸಾ (ವಾರಸುದಾರರ ಹೆಸರಿಗೆ ಖಾತೆ) ಆಗಿತ್ತು. ಮೂರು ವರ್ಷ ಕಳೆದ ಮೇಲೆ ಮುಂಬೈಯಲ್ಲಿದ್ದ ಅವರ ಅಕ್ಕ ಕೋರ್ಟಿಗೆ ಹೋದರು. ಅವರ ಹೆಸರು ಎಲ್ಲೂ ಇರಲೇ ಇಲ್ಲ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೂ ಸಮಪಾಲು. ಕಡೆಗೆ ನಾನೇ ಅವರಿಗೆ ದುಡ್ಡು ಕೊಟ್ಟು ಬಿಡುಗಡೆ ಪತ್ರ ಮಾಡಿಸಿಕೊಂಡೆ.

ನಮ್ಮ ಜಿಲ್ಲೆಯ ಯಾವ ಮನೆಯಲ್ಲೂ ಒಬ್ಬರಾದರೂ ಮುಂಬೈ, ಗೋವಾ, ಪುಣೆಯಲ್ಲಿ ಇದ್ದೇ ಇರುತ್ತಾರೆ. ವಂಶವೃಕ್ಷ ಕೇಳಿ, ಅದರಲ್ಲಿ ಹೆಣ್ಣು ಮಕ್ಕಳನ್ನು ಎಣಿಸಿ. ಅಕ್ಕಪಕ್ಕದ ಮನೆಯ ವಯಸ್ಸಾದವರನ್ನು ಮಾತಾಡಿಸಿ. ಕಾಗದಕ್ಕಿಂತ ಜಾಸ್ತಿ ಅವರಿಗೆ ಗೊತ್ತಿರುತ್ತದೆ. ನಿಮ್ಮ ಹಬ್ಬುವಾಡದ ಮನೆಗೂ ಇದು ಅನ್ವಯ ಮೇಷ್ಟ್ರೇ. ಅಪ್ಪ ಕಟ್ಟಿಸಿದ್ದು ಅಂದಿರಿ. ಮೇಲಿನ ಮಹಡಿ ತಮ್ಮನ ಪಾಲಾ ನಿಮ್ಮದಾ? ಬಾಡಿಗೆ ಬರೋಕೆ ಶುರುವಾದ ಮೇಲೆ ಆ ಮಾತು ಬರೋದು ಬೇಡ.

ಲೆಕ್ಕದ ನಾಯ್ಕರು

ನಾನು ಬ್ಯಾಂಕಿನಿಂದ ನಿವೃತ್ತ. ಸದಾಶಿವಗಡದ ಮನೆಯ ಲೆಕ್ಕ ಹಾಕೋಣ. ಭಾವನೆ ಪಕ್ಕಕ್ಕಿಡಿ.

ಮನೆ 40 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ಎಲ್ಲ ಕೂಡಿ ಶೇ ಏಳೂವರೆಗಿಂತ ಸ್ವಲ್ಪ ಜಾಸ್ತಿ. ಅಂದರೆ 3 ಲಕ್ಷದ ಮೇಲೆ ಅಲ್ಲೇ ಹೋಯ್ತು. ನಿಮ್ಮ 15 ಲಕ್ಷದಲ್ಲಿ ಇದನ್ನು ಹಿಡಿದಿದ್ದೀರಾ?

25 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 21,700. ಬಾಡಿಗೆ ಎಷ್ಟು ಬರಬಹುದು? 11,000 ಅನ್ನಿ. ಪ್ರತಿ ತಿಂಗಳು ನಿಮ್ಮ ಸಂಬಳದಿಂದ 10,700 ಆ ಮನೆಗೆ ಹೋಗುತ್ತದೆ. ಇದು ವರ್ಷದ 12 ತಿಂಗಳೂ ಬಾಡಿಗೆದಾರ ಇದ್ದರೆ ಮಾತ್ರ. 40 ಲಕ್ಷಕ್ಕೆ ವರ್ಷಕ್ಕೆ 1,32,000 ಅಂದರೆ ಶೇ 3.3. ಅಷ್ಟು ದುಡ್ಡು ಎಫ್.ಡಿ. ಇಟ್ಟು ಮಲಗಿದರೂ ಜಾಸ್ತಿ ಬರುತ್ತದೆ.

ಇನ್ನು ತೆರಿಗೆ. ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ತೆರಿಗೆ ಕಳೆಯಿರಿ, 4,000 ಅಂದುಕೊಳ್ಳಿ. ಉಳಿದ 1,28,000ದಲ್ಲಿ ಶೇ 30 ರಿಪೇರಿಗೆ ಅಂತ ನೇರ ಕಡಿತ. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸಿಗುತ್ತದೆ, ಲಕ್ಷ ಖರ್ಚು ಮಾಡಿದರೂ ಅಷ್ಟೇ ಸಿಗುತ್ತದೆ. ಉಳಿಯೋದು 89,600. ಮೊದಲ ವರ್ಷದ ಬಡ್ಡಿ ಸುಮಾರು 2 ಲಕ್ಷ 10 ಸಾವಿರ. ಅಂದರೆ 1 ಲಕ್ಷ 20 ಸಾವಿರ ನಷ್ಟ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಈ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಬಹುದು, ವರ್ಷಕ್ಕೆ 2 ಲಕ್ಷದ ಮಿತಿ. ಹೊಸ ಪದ್ಧತಿಯಲ್ಲಿ ಸಂಬಳದಿಂದ ಕಳೆಯೋಕೆ ಬರಲ್ಲ. ಸ್ಟಾಫ್ ರೂಮಿನಲ್ಲಿ "ಸಾಲ ಮಾಡಿ ಮನೆ ತಗೊಂಡರೆ ಟ್ಯಾಕ್ಸ್ ಉಳಿಯುತ್ತದೆ" ಅನ್ನೋರು ಈಗಲೂ ಇದ್ದಾರೆ. ಯಾವ ಪದ್ಧತಿಯಲ್ಲಿ ಅಂತ ಕೇಳಿ.

ಇನ್ನೊಂದು. ಬಾಡಿಗೆಯನ್ನು ಹೆಂಡತಿ ಖಾತೆಗೆ ಹಾಕಿಸಿದರೆ ಅದು ಹೆಂಡತಿಯ ಆದಾಯ ಆಗಲ್ಲ. ಮನೆ ಯಾರ ಹೆಸರಲ್ಲಿದೆಯೋ ತೆರಿಗೆ ಅವರಿಗೆ.

ಗೋಕರ್ಣ ಹುಡುಗ

ಎಲ್ಲರೂ ಸೇರಿ ಮೇಷ್ಟ್ರನ್ನು ಹೆದರಿಸ್ತಾ ಇದ್ದೀರಲ್ಲ! ತಿಂಗಳ ಬಾಡಿಗೆ ಯಾಕೆ, ದಿನದ ಬಾಡಿಗೆಗೆ ಕೊಡಿ. ನಾನು ಗೋಕರ್ಣದಲ್ಲಿ ಮೂರು ರೂಮು ನಡೆಸುತ್ತೇನೆ. ಡಿಸೆಂಬರ್ ಕೊನೆಯ ಹತ್ತು ದಿನದಲ್ಲಿ ಬರೋದು ಇಡೀ ಮಳೆಗಾಲದಲ್ಲಿ ಬರಲ್ಲ. ಸದಾಶಿವಗಡದಿಂದ ಗೋವಾ ಗಡಿ ಹತ್ತಿರ, ಬೀಚ್ ಇದೆ.

ಕೋಡಿಬಾಗ ಅಕ್ಕ

ತಮ್ಮಾ, ನಿನ್ನ ರೂಮಿಗೆ ಚಾದರ ಒಗೆಯೋರು ಯಾರು? ರಾತ್ರಿ ಹನ್ನೊಂದಕ್ಕೆ ಬಸ್ ಇಳಿದು ಬಂದವರಿಗೆ ಬೀಗ ತೆಗೆಯೋರು ಯಾರು?

ಗೋಕರ್ಣ ಹುಡುಗ

ಅಮ್ಮ 😅 ನಾನೂ ಅಲ್ಲೇ ಇರ್ತೇನೆ. ಸರಿ ಅಕ್ಕ, ಒಪ್ಪಿದೆ. ಭಾನುವಾರದ ಮಾಲೀಕರಿಗೆ ಇದು ಆಗಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ವಿದೇಶಿಯರು ಬಂದರೆ 24 ತಾಸಿನೊಳಗೆ ಅವರ ಮಾಹಿತಿ ಸರ್ಕಾರಕ್ಕೆ ಕೊಡಬೇಕು, ತಪ್ಪಿದರೆ ಪೊಲೀಸರು ಬರುತ್ತಾರೆ. ಜೂನ್‌ನಿಂದ ಆಗಸ್ಟ್ ರೂಮು ಖಾಲಿ, ಕರೆಂಟ್ ಬಿಲ್ ಮಾತ್ರ ಬರುತ್ತದೆ. ಮತ್ತೆ ಸಮುದ್ರದ ಹತ್ತಿರ ಜಾಗ ತಗೊಂಡು ರೂಮು ಕಟ್ಟಿಸುತ್ತೇನೆ ಅನ್ನೋರಿಗೆ ಒಂದು ಮಾತು. ಹಳ್ಳಿ ಕಡೆ ಭರತದ ಗೆರೆಯಿಂದ 200 ಮೀಟರ್ ತನಕ ಸಿ.ಆರ್.ಝೆಡ್. (ಕರಾವಳಿ ನಿಯಂತ್ರಣ ವಲಯ) ಕಟ್ಟುನಿಟ್ಟು ಇರುವ ಜಾಗಗಳಿವೆ, ಉಪ್ಪುನೀರು ಬರುವ ಹೊಳೆ ದಂಡೆಗೂ ನಿಯಮ ಇದೆ. ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತದೆ ಅಂತ ನೋಡಿಕೊಂಡೇ ಅಡ್ವಾನ್ಸ್ ಕೊಡಿ. ನನ್ನ ಗೆಳೆಯನೊಬ್ಬನ ಶೆಡ್ ಎರಡು ಸಲ ತೆಗೆಸಿದ್ದಾರೆ.

ಕಾಳಿ ದಂಡೆ

ಸದಾಶಿವಗಡದವನು ನಾನು. 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿಗೆ ಕಾರವಾರ-ಸದಾಶಿವಗಡ ನಡುವಿನ ಹಳೇ ಕಾಳಿ ಸೇತುವೆ ಬಿದ್ದ ಮೇಲೆ ಹೋಗೋ ಬರೋ ಗಾಡಿ ಎಲ್ಲ ಒಂದೇ ಹೊಸ ಸೇತುವೆ ಮೇಲೆ ಬಂದವು. ಆಚೆ ಕೆಲಸ, ಈಚೆ ಮನೆ ಅನ್ನೋ ಬಾಡಿಗೆದಾರರು ಅದನ್ನು ಲೆಕ್ಕ ಹಾಕಿಯೇ ಹಾಕುತ್ತಾರೆ. ಹಾಗಂತ ಇಲ್ಲಿ ಮನೆ ಖಾಲಿ ಇರುತ್ತದೆ ಅಂತಲ್ಲ.

ಮೇಷ್ಟ್ರೇ, ಯಾವ ಮನೆ ಅಂತ ನನಗೆ ಅಂದಾಜಿದೆ, ಹೆಸರು ಹೇಳಲ್ಲ. ಒಂದು ಕೆಲಸ ಮಾಡಿ. ಏಪ್ರಿಲ್ ಕೊನೆಗೆ ಬಂದು ಬಾವಿ ನೀರು ಬಾಯಿಗೆ ಹಾಕಿ ನೋಡಿ. ಹೊಳೆ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಸವಳಾಗುತ್ತವೆ. ಮಾರೋರು ಮನೆ ತೋರಿಸೋದು ನವೆಂಬರ್‌ನಿಂದ ಜನವರಿ. ಆಗ ಬಾವಿ ತುಂಬಿರುತ್ತದೆ, ಗೋಡೆ ಒಣಗಿರುತ್ತದೆ, ಎಲ್ಲ ಚಂದ. ಬಾವಿ ನೋಡೋಕೆ ಮೇ, ಗೋಡೆ ನೋಡೋಕೆ ಜುಲೈ.

ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ ಅಂತಲೂ ಕೇಳಿ. ಮಳೆಗಾಲದಲ್ಲಿ ಇಲ್ಲಿ ನೆಲದ ನೀರು ಮೇಲೆ ಬರುತ್ತದೆ. ಟ್ಯಾಂಕ್ ಸರಿ ಕಟ್ಟಿಲ್ಲದಿದ್ದರೆ ನೀರು ಹಿಂದಕ್ಕೇ ಬರುತ್ತದೆ. ಬಾಡಿಗೆದಾರ ಜುಲೈ ರಾತ್ರಿ ನಿಮಗೆ ಫೋನ್ ಮಾಡೋದು ಈ ಕಾರಣಕ್ಕೇ.

ಅಂಕೋಲಾದಿಂದ

ಗುಡ್ಡ ಕಡಿದು ಮಾಡಿದ ಸೈಟು ಇದ್ದರೆ ನೋಡಲೇ ಬೇಡಿ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ಎಲ್ಲರಿಗೂ ಗೊತ್ತು. 2009ರಲ್ಲಿ ನಿಮ್ಮದೇ ಕಡವಾಡದ ಝರಿವಾಡದಲ್ಲೂ ಗುಡ್ಡ ಮನೆಗಳ ಮೇಲೆ ಬಂತು. ಹಿಂದೆ ಮಣ್ಣಿನ ಗೋಡೆ ನೇರ ನಿಂತಿದ್ದರೆ, ಅದರಿಂದ ನೀರು ಒಸರುತ್ತಿದ್ದರೆ, ರೇಟು ಎಷ್ಟು ಕಡಿಮೆ ಇದ್ದರೂ ವಾಪಸ್ ಬನ್ನಿ.

ಮನೆಗೆ ವಿಮೆ ಮಾಡಿಸಿ. ಭಾರತ್ ಗೃಹ ರಕ್ಷಾ ಅಂತ 2021ರಿಂದ ಎಲ್ಲ ಕಂಪನಿಗಳಲ್ಲೂ ಒಂದೇ ಮಾದರಿಯ ಪಾಲಿಸಿ ಇದೆ. ನೆರೆ, ಗಾಳಿ, ಭೂಕುಸಿತ ಅದರಲ್ಲಿ ಸೇರಿವೆ. ಕಟ್ಟಡಕ್ಕಷ್ಟೇ, ಜಾಗದ ಬೆಲೆ ಬರಲ್ಲ.

ಬಿಣಗಾ ದೊಡ್ಡಪ್ಪ

ಮೇಷ್ಟ್ರೇ, ಸುಲಭದ ದಾರಿ ಹೇಳುತ್ತೇನೆ. ನೌಕಾನೆಲೆಯ ಕೆಲಸ ಮಾಡುವ ಗುತ್ತಿಗೆ ಕಂಪನಿಗಳು ಕೆಲಸದವರಿಗೆ ಇಡೀ ಮನೆಯನ್ನೇ ತಗೊಳ್ಳುತ್ತವೆ. ಕುಟುಂಬದವರು 10 ಕೊಟ್ಟರೆ ಅವರು 16 ಕೊಡುತ್ತಾರೆ. ಒಂದೇ ಚೆಕ್, ತಲೆಬಿಸಿ ಇಲ್ಲ.

ಕೋಡಿಬಾಗ ಅಕ್ಕ

ದೊಡ್ಡಪ್ಪ, ನಾನು ಅದನ್ನು ಮಾಡಿ ನೋಡಿದ್ದೇನೆ. ಎಂಟು ಜನ ಅಂತ ಕರಾರಾಯ್ತು. ಮೂರು ತಿಂಗಳಿಗೆ ಹೋಗಿ ನೋಡಿದರೆ ಹತ್ತೊಂಬತ್ತು ಜನ. ಪಾಪ, ಆ ಹುಡುಗರ ತಪ್ಪೇನೂ ಇಲ್ಲ, ಅವರು ಎಲ್ಲಿ ಮಲಗಬೇಕು? ಬಾವಿ ಪಂಪ್ ಸುಟ್ಟುಹೋಯ್ತು, ಸೆಪ್ಟಿಕ್ ಟ್ಯಾಂಕ್ ವರ್ಷದಲ್ಲಿ ಮೂರು ಸಲ ಖಾಲಿ ಮಾಡಿಸಿದೆ. ಕೆಲಸ ಮುಗಿದ ಮೇಲೆ ಮೇಸ್ತ್ರಿ ಕೊನೆಯ ಎರಡು ತಿಂಗಳ ದುಡ್ಡು ಕೊಡದೆ ಮಾಯ. ಜಾಸ್ತಿ ಬಂದ 6 ಸಾವಿರ ಎಲ್ಲಿ ಹೋಯ್ತು ಅಂತ ಇವತ್ತಿಗೂ ಹುಡುಕುತ್ತಿದ್ದೇನೆ.

ಲೆಕ್ಕದ ನಾಯ್ಕರು

ಕೊಡೋದಾದರೆ ಕಂಪನಿಯ ಜೊತೆಗೇ ಕರಾರು ಮಾಡಿ, ಮೇಸ್ತ್ರಿ ಜೊತೆ ಬೇಡ. ತಲೆ ಲೆಕ್ಕ ಬರೆಯಿರಿ. ಜಿ.ಎಸ್.ಟಿ. ನೋಂದಣಿ ಇರುವ ಕಂಪನಿ ವಾಸದ ಮನೆ ಬಾಡಿಗೆಗೆ ಹಿಡಿದರೆ 2022ರ ಜುಲೈಯಿಂದ ಶೇ 18 ತೆರಿಗೆ ಇದೆ. ನಿಮಗೆ ಜಿ.ಎಸ್.ಟಿ. ನಂಬರ್ ಇಲ್ಲದಿದ್ದರೂ ಅದನ್ನು ಕಂಪನಿಯೇ ಕಟ್ಟಬೇಕು. ನಿಮ್ಮ ಬಾಡಿಗೆಯಲ್ಲಿ ಹಿಡಿಯೋಕೆ ಬಿಡಬೇಡಿ.

ಬೈತಖೋಲ ವೈರ್‌ಮನ್

ಕರೆಂಟಿನ ಮಾತು ಯಾರೂ ಆಡಿಲ್ಲ. ಮೇಲೆ ಕೆಳಗೆ ಒಂದೇ ಮೀಟರ್ ಇದೆಯಾ ಮೇಷ್ಟ್ರೇ? ಇದ್ದರೆ ಗೃಹಜ್ಯೋತಿಯಲ್ಲಿ ಇಬ್ಬರಿಗೂ ನಷ್ಟ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಮೇಲಿನ ಮನೆಗೆ ಬೇರೆ ಆರ್.ಆರ್. ನಂಬರ್ ಮಾಡಿಸಿ. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಯೋಜನೆಯ ಲಾಭ ಪಡೆಯಬಹುದು. ಅವರು ಬಿಟ್ಟು ಹೋಗುವಾಗ ಆಧಾರ್ ಜೋಡಣೆ ತೆಗೆಸೋದು ಮರೆಯಬೇಡಿ. ಮರೆತರೆ ಮುಂದಿನವರಿಗೆ ಜೋಡಿಸೋಕೆ ಆಗಲ್ಲ, ಆಗ ಹಳಬರನ್ನು ಫೋನಲ್ಲಿ ಹುಡುಕುತ್ತಾ ಕೂರಬೇಕು. ಹೊಸ ಮೀಟರ್‌ಗೆ ಈಗ ಕಟ್ಟಡದ ಕಾಗದ ಸರಿ ಇರಬೇಕು, ಹೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿ.

ಹಳೇ ವೈರಿಂಗ್ ಇದ್ದರೆ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಹಾಕಿಸಿ. ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಶಾಕ್ ಹೊಡೆಯುವ ಮನೆಗಳನ್ನು ನಾನೇ ಎಷ್ಟೋ ನೋಡಿದ್ದೇನೆ. ಬಾಡಿಗೆದಾರರ ಮಗು ಆಡುವ ಮನೆ ಅದು.

ಹಬ್ಬುವಾಡ ಮೇಷ್ಟ್ರು

ಎಷ್ಟು ವಿಷಯ! ತಮ್ಮನ ಜೊತೆ ಮಾತಾಡಿದೆ. ಮೇಲಿನ ಮಹಡಿ ನನ್ನ ಹೆಸರಿಗೇ ಮಾಡಿಕೊಡೋಕೆ ಒಪ್ಪಿದ್ದಾನೆ. ತಂಗಿಯ ಸಹಿಯೂ ಬೇಕು ಅಂತ ಕುಮಟಾದವರು ಹೇಳಿದ ಮೇಲೆ ಅವಳಿಗೂ ಹೇಳಿದೆ. "ಇಷ್ಟು ವರ್ಷಕ್ಕೆ ನೆನಪಾಯ್ತಾ ಅಣ್ಣಾ" ಅಂದಳು. ನಾಚಿಕೆಯಾಯ್ತು.

ಈಗ ಹೊಸ ತಕರಾರು ಅಮ್ಮನದು. "ನಮ್ಮವರಿಗೆ ಮಾತ್ರ ಕೊಡು, ಮಾಂಸ ಮೀನು ತಿನ್ನೋರು ಬೇಡ" ಅನ್ನುತ್ತಾರೆ. ಮೀನಿಲ್ಲದೆ ನಮಗೇ ಊಟ ಸೇರಲ್ಲ! ಕೇಳಿದರೆ "ನಾವು ಬೇರೆ" ಅಂತೆ.

ಕಾಳಿ ದಂಡೆ

ಕಾರವಾರದಲ್ಲಿ ಮೀನು ತಿನ್ನೋರಿಗೆ ಕೊಡಲ್ಲ ಅಂದರೆ ಮನೆ ಜೇಡಕ್ಕೆ ಬಾಡಿಗೆಗೆ ಕೊಡಬೇಕು.

ಕೋಡಿಬಾಗ ಅಕ್ಕ

ನಗು ಬಂತು. ಆದರೆ ಮೇಷ್ಟ್ರೇ, ಇದು ನಿಮ್ಮ ಅಮ್ಮನಿಗೆ ಒಬ್ಬರಿಗೇ ಇರೋ ಕಾಯಿಲೆ ಅಲ್ಲ. ಮನೆ ಕೇಳಿಕೊಂಡು ಬಂದವರ ಅಡ್ಡಹೆಸರು ಕೇಳಿ ಬಾಗಿಲು ಹಾಕಿದವರನ್ನು ನಾನು ಬಹಳ ನೋಡಿದ್ದೇನೆ. 14 ವರ್ಷದಲ್ಲಿ ನನಗೆ ದುಡ್ಡು ಮುಳುಗಿಸಿ ಹೋದವರು ನಮ್ಮ ದೂರದ ಸಂಬಂಧಿಕರೇ. ಪ್ರತಿ ತಿಂಗಳು ಒಂದನೇ ತಾರೀಕಿಗೆ ಹಾಕಿದವರು ಉತ್ತರಾಖಂಡದ ಒಂದು ನೇವಿ ಕುಟುಂಬ. ವರ್ಗ ಆಗಿ ಹೋಗುವಾಗ ಗೋಡೆಗೆ ತಾವೇ ಬಣ್ಣ ಹೊಡೆಸಿ ಹೋದರು.

ನಾನು ನೋಡೋದು ಎರಡೇ. ಸಂಬಳ ಎಲ್ಲಿಂದ ಬರುತ್ತದೆ, ಹಿಂದಿನ ಮನೆ ಯಾಕೆ ಬಿಟ್ಟರು. ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ. ಈಗಿನ ಮಾಲೀಕರಿಗೆ ಮಾಡಬೇಡಿ, ಖಾಲಿ ಆದರೆ ಸಾಕು ಅಂತ ಹೊಗಳುತ್ತಾರೆ. ಅದರ ಹಿಂದಿನವರಿಗೆ ಮಾಡಿ. ಹಾಗೇ ಆಧಾರ್ ಪ್ರತಿ ತಗೊಂಡು ಪೊಲೀಸ್ ಠಾಣೆಗೆ ಮಾಹಿತಿ ಕೊಡಿ, ನೌಕಾನೆಲೆ ಇರುವ ಊರು ನಮ್ಮದು.

ಕುಮಟಾ ಕಡೆಯವ

ಕರಾರು ಪತ್ರ ಮಾಡಿಸಿ. ಬಾಯಿಮಾತು ಬೇಡ. 11 ತಿಂಗಳಿಗೆ ಮಾಡೋದು ಯಾಕೆ ಅಂದರೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಆದರೆ ನೋಂದಣಿ ಕಡ್ಡಾಯ. ಆದರೆ 11 ತಿಂಗಳಾದ ಮೇಲೆ ನವೀಕರಿಸದೆ ಐದು ವರ್ಷ ಹಾಗೇ ಬಿಡುತ್ತಾರಲ್ಲ, ಅದು ತಪ್ಪು. ನೇವಿಯವರು, ಸರ್ಕಾರಿ ನೌಕರರಾದರೆ ವರ್ಗದ ಷರತ್ತು ಬರೆಯಿರಿ: ಆದೇಶ ತೋರಿಸಿದರೆ ಒಂದು ತಿಂಗಳ ನೋಟಿಸ್ ಸಾಕು ಅಂತ. ಅವರಿಗೂ ಧೈರ್ಯ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಕೇಳಬೇಡಿ, ಎರಡು ಮೂರು ತಿಂಗಳದ್ದು ಸಾಕು. ಕೀ ಕೊಡುವ ದಿನ ಮೀಟರ್, ಗೋಡೆ, ಬಾತ್‌ರೂಮ್, ಫ್ಯಾನ್ ಎಲ್ಲದರ ಫೋಟೋ ತೆಗೆದು ಅವರ ವಾಟ್ಸಾಪ್‌ಗೇ ಕಳಿಸಿ. ಬೂಷ್ಟು ಯಾರ ತಪ್ಪು ಅನ್ನೋ ಜಗಳ ಅಲ್ಲಿಗೇ ಮುಗಿಯುತ್ತದೆ.

ಭಟ್ಕಳ-ದುಬೈ

ಹೊರದೇಶದಲ್ಲಿ ಕೂತು ಓದುತ್ತಿರುವ ನನ್ನಂಥವರಿಗೆ ಒಂದು ಮಾತು. ಮಾಲೀಕ ಅನಿವಾಸಿ ಆಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರ ಟಿ.ಡಿ.ಎಸ್. ಹಿಡಿಯಬೇಕು, ಅಂದರೆ ತೆರಿಗೆ ಕಳೆದೇ ಬಾಡಿಗೆ ಕೊಡಬೇಕು. ತಿಂಗಳಿಗೆ 50 ಸಾವಿರದ ಮಿತಿ ನಮಗೆ ಅನ್ವಯಿಸಲ್ಲ. ನನಗೆ ಗೊತ್ತಿರದೆ ಎರಡು ವರ್ಷದ್ದು ಒಟ್ಟಿಗೆ ತಲೆನೋವಾಯ್ತು. ಮನೆ ನೋಡಿಕೊಳ್ಳೋಕೆ ಭಾವನಿಗೆ ಮುಖ್ತ್ಯಾರ ಪತ್ರ ಕೊಟ್ಟಿದ್ದೇನೆ. ಬಾಡಿಗೆ ವಸೂಲಿ, ರಿಪೇರಿ ಅಂತ ಕೆಲಸ ಹೆಸರಿಸಿ ಬರೆಸಿದ್ದೇನೆ, ಮಾರುವ ಅಧಿಕಾರ ಕೊಟ್ಟಿಲ್ಲ. ಭಾವ ಒಳ್ಳೆಯವರೇ, ಆದರೂ.

ಅಡಿಕೆ ಭಾವ, ಶಿರಸಿ

ಶಿರಸಿ ಬಿಟ್ಟುಬಿಡಿ ಅಂತ ನಾನು ಹೇಳಿಲ್ಲ ಮೇಷ್ಟ್ರೇ. ಪೇಟೆಯೊಳಗೆ ಕಾಗದ ಸರಿ ಇರುವ ಮನೆಗೆ ಇಲ್ಲಿ ಬಾಡಿಗೆದಾರರಿಗೆ ಬರ ಇಲ್ಲ. ಹಳ್ಳಿಯವರು ಮಕ್ಕಳ ಶಾಲೆಗೆ ಅಂತ ಪೇಟೆಯಲ್ಲಿ ಮನೆ ಮಾಡುತ್ತಾರೆ, ಮೂರು ನಾಲ್ಕು ವರ್ಷ ಕದಲಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದರೆ ಅವರ ನೆಂಟರೆಲ್ಲ ನಿಮ್ಮ ಮನೆಯಲ್ಲೇ. ಅಷ್ಟನ್ನು ಸಹಿಸಿಕೊಳ್ಳಿ. ಆದರೆ ನೀವು ಘಟ್ಟದ ಕೆಳಗೆ ಕೂತು ಇಲ್ಲಿ ಹಂಚಿನ ಮನೆ ನೋಡಿಕೊಳ್ಳೋಕೆ ಆಗಲ್ಲ. ಮಂಗ ಒಂದು ಹಂಚು ಸರಿಸಿದರೆ ಸಾಕು, ಒಂದು ಮಳೆಗೆ ಮಾಡಿನ ಮರ, ರೀಪು ಪಕಾಸು ಎಲ್ಲ ಕೊಳೆತು ಕುಂಬು.

ಹಬ್ಬುವಾಡ ಮೇಷ್ಟ್ರು

ಮಾರ್ಚ್‌ನಲ್ಲಿ ಶುರು ಮಾಡಿದ ಮಾತು, ಈಗ ಜುಲೈ. ಏನಾಯ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಸದಾಶಿವಗಡದ ಬಾವಿ ನೀರು ಮೇ ಮೊದಲ ವಾರ ಕುಡಿದು ನೋಡಿದೆ. ಉಪ್ಪು. ಮಾಲೀಕರು "ಈ ವರ್ಷ ಮಾತ್ರ ಹೀಗೆ" ಅಂದರು. ಪಕ್ಕದ ಮನೆಯ ಅಜ್ಜಿ ಏನೂ ಹೇಳಲಿಲ್ಲ, ಆದರೆ ಅವರ ಅಂಗಳದಲ್ಲಿ ಕುಡಿಯುವ ನೀರಿನ ಕ್ಯಾನ್ ಸಾಲಾಗಿದ್ದವು. ಬಿಟ್ಟೆ. ಶಿರಸಿ ಮಾವನಿಗೆ ಎರಡು ಗುಂಟೆಯ ರೇಟು ಹೇಳಿದೆ. ಅವರೀಗ ನನ್ನ ಫೋನ್ ಎತ್ತುತ್ತಿಲ್ಲ. ಹೆಂಡತಿಯದ್ದು ಎತ್ತುತ್ತಾರೆ.

ಮೇಲಿನ ಮಹಡಿಗೆ 3 ಲಕ್ಷ 80 ಸಾವಿರ ಖರ್ಚಾಯ್ತು. ಅಡುಗೆಮನೆಯ ಸ್ಲ್ಯಾಬ್ ಅಕ್ಕ ಹೇಳಿದ ಹಾಗೇ ಉಬ್ಬಿತ್ತು, ಒಡೆಸಿ ಮಾಡಿಸಿದೆ. ಬೇರೆ ಮೀಟರ್ ಆಯ್ತು, ಹೊಸ ವೈರಿಂಗ್, ಕಬ್ಬಿಣದ ಕಿಟಕಿ ತೆಗೆಸಿ ಅಲ್ಯೂಮಿನಿಯಂ, ಮೇಲೆ ತಗಡಿನ ಮಾಡು. ಮೇ 15 ಅಂದುಕೊಂಡದ್ದು ಮುಗಿದದ್ದು ಜೂನ್ 3ಕ್ಕೆ. ಕೊನೆಯ ನಾಲ್ಕು ತಗಡು ಮಳೆಯಲ್ಲೇ ಕೂರಿಸಿದರು. ಬಾಡಿಗೆ 10,500ಕ್ಕೆ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದಾರೆ, ಜೊತೆಗೆ ಅವರ ತಾಯಿ. ಕಲಬುರ್ಗಿ ಕಡೆಯವರು. ಅಮ್ಮ ಮೊದಲ ವಾರ ಮುಖ ಗಂಟು ಹಾಕಿಕೊಂಡಿದ್ದರು. ಈಗ ಇಬ್ಬರು ಅಮ್ಮಂದಿರೂ ಮೆಟ್ಟಿಲ ಮೇಲೆ ಕೂತು ಜೋಳದ ರೊಟ್ಟಿ, ಬಂಗಡೆ ಅದಲುಬದಲು ಮಾಡಿಕೊಳ್ಳುತ್ತಾರೆ.

ಲೆಕ್ಕದ ನಾಯ್ಕರಿಗೆ: ಹಾಕಿದ್ದು ವಾಪಸ್ ಬರೋಕೆ ಮೂರು ವರ್ಷ. ಉಳಿದ ದುಡ್ಡು ಎಫ್.ಡಿ.ಯಲ್ಲಿದೆ.

ಒಂದೇ ತೊಂದರೆ. ನಿನ್ನೆ ರಾತ್ರಿಯಿಂದ ಮೆಟ್ಟಿಲ ಮೇಲಿನ ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿದೆ. ಆ ಮಳೆಯಲ್ಲಿ ಕೂರಿಸಿದ ತಗಡಿನ ಜಾಗವೇ ಇರಬೇಕು. ನಾಳೆ ಭಾನುವಾರ, ಪಕ್ಕದ ಮನೆಯಿಂದ ಏಣಿ ತಂದಿಟ್ಟಿದ್ದೇನೆ.

ಕೋಡಿಬಾಗ ಅಕ್ಕ

ಮಳೆ ನಿಲ್ಲದೆ ಹತ್ತಬೇಡಿ ಮೇಷ್ಟ್ರೇ, ತುಂಬಾ ಹಾವಸೆ ಇರುತ್ತದೆ. ಒಂದು ಬಕೆಟ್ ಇಟ್ಟು ಬೈತಖೋಲದವರಿಗೆ ಫೋನ್ ಮಾಡಿ, ಅವರ ತಮ್ಮ ತಗಡಿನ ಕೆಲಸ ಮಾಡುತ್ತಾನೆ. ತಾಯಿಯವರಿಗೆ ಆ ಮೂಲೆಯಲ್ಲಿ ಓಡಾಡಬೇಡಿ ಅಂತ ಈಗಲೇ ಹೇಳಿ ಬನ್ನಿ.

ಬೈತಖೋಲ ವೈರ್‌ಮನ್

ತಮ್ಮ ಊರಲ್ಲಿಲ್ಲ, ಸೋಮವಾರ ಬರ್ತಾನೆ. ಆ ಮೂಲೆಯ ಲೈಟಿನ ಸ್ವಿಚ್ ಮಾತ್ರ ಯಾರೂ ಮುಟ್ಟಬೇಡಿ, ನಾನು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ.